ಪರವೂರಿನ ಗೋಡೆಗೆ ಕಲ್ಲು ಹೊತ್ತವರು

ಪುಣೆಯ ಶನಿವಾರ ಪೇಠೆ, ನಾರಾಯಣ ಪೇಠೆಗಳ ಹಳಬರು ಇಂದಿಗೂ ಕಾಲವನ್ನು ಎರಡು ಪಾಲು ಮಾಡಿಯೇ ಮಾತಾಡುತ್ತಾರೆ: ಪಾನಶೇತಿಗಿಂತ ಮೊದಲು, ಪಾನಶೇತ್ ಆದ ಮೇಲೆ. 1969ರಲ್ಲಿ ನಾನು ಸೊಲ್ಲಾಪುರದಿಂದ ಇಂಜಿನಿಯರಿಂಗ್ ಓದಲು ಬಂದಾಗ ನಾರಾಯಣ ಪೇಠೆಯ ಒಂದು ವಾಡೆಯಲ್ಲಿ ಬಾಡಿಗೆ ಖೋಲಿ ಸಿಕ್ಕಿತು. ಅದರ ಗೋಡೆಯ ಮೇಲೆ, ನನ್ನ ತಲೆಗಿಂತ ಒಂದು ಮೊಳ ಎತ್ತರದಲ್ಲಿ, ಕಂದು ಗೆರೆಯೊಂದಿತ್ತು. ಎಷ್ಟು ಸುಣ್ಣ ಬಳಿದರೂ ಮಳೆಗಾಲಕ್ಕೆ ಮತ್ತೆ ಮೂಡುತ್ತಿತ್ತು. ಮನೆಯ ಒಡತಿ ಆಜಿ ಅದನ್ನು ತೋರಿಸಿ, "ನೀರು ಬಂದದ್ದು ಅಲ್ಲೀತನಕ. ಆದರೆ ನಮ್ಮನ್ನು ಗೋಳಾಡಿಸಿದ್ದು ನೀರಲ್ಲ, ಅದು ಬಿಟ್ಟುಹೋದ ರಾಡಿ" ಎನ್ನುತ್ತಿದ್ದರು.

1961ರ ಜುಲೈ 12ರ ಕಥೆ ಅದು. ಆಂಬಿ ನದಿಗೆ ಕಟ್ಟುತ್ತಿದ್ದ ಪಾನಶೇತ್ ಅಣೆಕಟ್ಟು ಇನ್ನೂ ಪೂರ್ತಿಯಾಗಿರಲಿಲ್ಲ. ಮಣ್ಣಿನ ಕಟ್ಟೆ ಕುಸಿಯತೊಡಗಿದಾಗ ಹಿಂದಿನ ರಾತ್ರಿ ಸೇನೆಯ ಜವಾನರು ಮರಳಿನ ಚೀಲ ಹೊತ್ತು ಪೇರಿಸಿದರು. ಆ ಚೀಲಗಳಿಂದ ಅಣೆಕಟ್ಟು ಉಳಿಯಲಿಲ್ಲ, ನಿಜ. ರಾತ್ರಿ ಒಡೆಯಬೇಕಾದ್ದು ಹಗಲಾದ ಮೇಲೆ ಒಡೆಯಿತು, ಅಷ್ಟೆ. ಪುಣೆ ಮಲಗಿದ್ದ ಹೊತ್ತಿಗೆ ನೀರು ನುಗ್ಗಿದ್ದರೆ ಸತ್ತವರ ಲೆಕ್ಕವೇ ಬೇರೆಯಾಗುತ್ತಿತ್ತು. ಕೈಯಿಂದ ಮಾಡಿದ ಕೆಲಸಕ್ಕೆ ಕೆಲವೊಮ್ಮೆ ಇಷ್ಟೇ ಫಲ, ಕೆಲವು ಗಂಟೆಗಳ ಹೊತ್ತು. ಅದೂ ಸಣ್ಣದಲ್ಲ.

ಪಾನಶೇತಿನ ನೀರು ಬಂದು ಅಪ್ಪಳಿಸಿದ್ದು ಕೆಳಗಿನ ಖಡಕ್‌ವಾಸ್ಲಾ ಕಟ್ಟೆಗೆ. ಬ್ರಿಟಿಷರ ಕಾಲದ ಆ ಕಲ್ಲುಗೋಡೆಯೂ ಬಿರಿಯಿತು. ಕನ್ನಡಿಗರಿಗೆ ಆ ಕಟ್ಟೆ ಅಪರಿಚಿತವೇನಲ್ಲ. ಪುಣೆಯ ಇಂಜಿನಿಯರಿಂಗ್ ಕಾಲೇಜಿನಲ್ಲೇ ಓದಿ, ಮುಂಬೈ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದ ವಿಶ್ವೇಶ್ವರಯ್ಯನವರು 1903ರಲ್ಲಿ ತಮ್ಮ ಸ್ವಯಂಚಾಲಿತ ಬಾಗಿಲುಗಳನ್ನು ಮೊದಲು ಕೂರಿಸಿದ್ದು ಅಲ್ಲಿಯೇ. ಕಟ್ಟೆ ಬಿರಿದ ದಿನ ಅವರು ಬೆಂಗಳೂರಿನಲ್ಲಿ ಇನ್ನೂ ಬದುಕಿದ್ದರು. ಹಿಂದಿನ ವರ್ಷವಷ್ಟೇ ಅವರ ಶತಮಾನೋತ್ಸವ ನಡೆದಿತ್ತು. ನಮ್ಮ ಕಾಲೇಜಿನಲ್ಲಿ ಅವರ ಬಾಗಿಲಿನ ನಕ್ಷೆಯನ್ನು ಪ್ರತಿ ವರ್ಷ ನಮ್ಮಿಂದ ಬರೆಸುತ್ತಿದ್ದರು. ಆ ಗೋಡೆಗೆ ಕಲ್ಲು ಕೂರಿಸಿದವರು ಯಾರೆಂದು ಯಾವ ಮಾಸ್ತರರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಪ್ರವಾಹ ಇಳಿದ ಮೇಲೆ ಪುಣೆಗೆ ಕೈಗಳ ಕೊರತೆಯಾಗಲಿಲ್ಲ. ಕಾಲೇಜು ಹುಡುಗರು, ಸೇವಾದಳದವರು, ಸಂಘದವರು, ಗಣೇಶ ಮಂಡಳಿಯವರು, ಎಲ್ಲರೂ ಸಲಿಕೆ ಬುಟ್ಟಿ ಹಿಡಿದು ಇಳಿದರು. ಆಜಿಯ ಅಡುಗೆಮನೆಯ ರಾಡಿ ಬಳಿದವರಲ್ಲಿ ಊರೂರಿನ ಹುಡುಗರಿದ್ದರಂತೆ. ಅವರು ಕೇಳಿದ್ದು ಕುಡಿಯಲು ನೀರು ಮಾತ್ರ. ಇಡೀ ವಾಡೆಯಲ್ಲಿ ಇಲ್ಲದ ವಸ್ತು ಅದೊಂದೇ.

ರಾಡಿ ಬಳಿಯುವುದು ಸುಲಭ. ಮನೆ ಕಟ್ಟಿಕೊಡುವುದು ಬೇರೆಯೇ ವಿದ್ಯೆ. ನಿರಾಶ್ರಿತರಿಗಾಗಿ ಗೋಖಲೆನಗರದ ಕಡೆ ಅರ್ಧ ಪೀಪಾಯಿಯನ್ನು ಬೋರಲು ಹಾಕಿದಂಥ ನಿಸೆನ್ ಹಟ್‌ಗಳು ಎದ್ದವು. ಮೊದಲ ಮಹಾಯುದ್ಧದ ಹೊತ್ತಿನಲ್ಲಿ, 1916ರಲ್ಲಿ, ಪೀಟರ್ ನಿಸೆನ್ ಎಂಬ ಸೇನಾ ಇಂಜಿನಿಯರ್ ಸಿಪಾಯಿಗಳಿಗಾಗಿ ಯೋಚಿಸಿದ ಗೂಡು ಅದು. ಸಿಪಾಯಿಗೆ ಮಂಚ ಒಂದಿದ್ದರೆ ಸಾಕು. ಸಂಸಾರಸ್ಥರಿಗೆ ಕಪಾಟು ಬೇಕು, ದೇವರ ಗೂಡು ಬೇಕು, ಮೊಳೆ ಹೊಡೆದು ಅಜ್ಜನ ಫೋಟೋ ತೂಗಹಾಕಲು ನೆಟ್ಟಗಿನ ಗೋಡೆ ಬೇಕು. ಬಾಗಿದ ತಗಡಿಗೆ ಕಪಾಟು ಹೇಗೆ ಆನಿಸುತ್ತೀರಿ? ನಾನು ಓದುತ್ತಿದ್ದ ಕಾಲಕ್ಕಾಗಲೇ ಜನ ಅವುಗಳ ಮಗ್ಗುಲಿಗೆ ಇಟ್ಟಿಗೆ ಗೋಡೆ ಎಬ್ಬಿಸಿ, ತಗಡು ಕೊಯ್ದು, ತಮಗೆ ಬೇಕಾದಂತೆ ಮಾಡಿಕೊಳ್ಳತೊಡಗಿದ್ದರು. ಬೇರೆಯವರು ಕಟ್ಟಿಕೊಟ್ಟ ಮನೆಯನ್ನು ಜನ ಹೀಗೆ ಎರಡನೇ ಸಲ ತಾವೇ ಕಟ್ಟಿಕೊಳ್ಳುವುದನ್ನು ನಾನು ಮುಂದೆ ಇನ್ನೊಂದು ಕಡೆಯೂ ಕಂಡೆ. ಅದನ್ನು ಹೇಳುವ ಮೊದಲು ಒಂದಿಷ್ಟು ದೂರದ ಸುದ್ದಿ.

ಪರದೇಶಕ್ಕೆ ಹೋಗಿ, ಕೂಲಿ ಪಡೆಯದೆ, ಕೈಯಾರೆ ಕಟ್ಟಿಕೊಡುವ ಪದ್ಧತಿಗೆ ನೂರು ವರ್ಷದ ಇತಿಹಾಸವಿದೆ. ಅದರ ಮೂಲಪುರುಷನೂ ಇಂಜಿನಿಯರ್. ಪಿಯೇರ್ ಸೆರೆಸೋಲ್, ಸ್ವಿಟ್ಜರ್‌ಲೆಂಡಿನವನು. ಅಪ್ಪ ಆ ದೇಶದ ಅಧ್ಯಕ್ಷನಾಗಿದ್ದವನು. ಮಗ ಸೇನೆಗೆ ತೆರಿಗೆ ಕಟ್ಟಲಾರೆನೆಂದು ಜೈಲಿಗೆ ಹೋದವನು. 1920ರ ಚಳಿಗಾಲದಲ್ಲಿ ಅವನು ಹಲವು ದೇಶಗಳ ಕೆಲವೇ ಜನರನ್ನು ಕಟ್ಟಿಕೊಂಡು ಫ್ರಾನ್ಸಿನ ವರ್ಡನ್ ಹತ್ತಿರದ ಎಸ್ನ್ ಎಂಬ ಹಳ್ಳಿಗೆ ಹೋದ. ಯುದ್ಧದಲ್ಲಿ ನೆಲಸಮವಾಗಿದ್ದ ಊರು. ಗುಂಪಿನಲ್ಲಿ ಜರ್ಮನರೂ ಇದ್ದರು. ನಿನ್ನೆ ಗುಂಡು ಹೊಡೆದವರು ಇಂದು ಕಲ್ಲು ಹೊರಲಿ ಎಂಬುದೇ ಅವನ ಉದ್ದೇಶ. ಊರಿನವರಿಗೆ, ಅಲ್ಲಿನ ಅಧಿಕಾರಿಗಳಿಗೆ ಇದು ಹಿಡಿಸಲಿಲ್ಲ. ಮುಂದಿನ ವರ್ಷ ವಸಂತದ ಹೊತ್ತಿಗೆ ಕೆಲಸ ಅರ್ಧಕ್ಕೇ ನಿಂತಿತು. ಮಕ್ಕಳನ್ನು ಕಳೆದುಕೊಂಡ ತಾಯಿಯ ಅಂಗಳದಲ್ಲಿ ಜರ್ಮನ್ ಹುಡುಗ ಸಲಿಕೆ ಹಿಡಿದರೆ ಆಕೆಗೆ ಹೇಗನ್ನಿಸೀತು? ಸೆರೆಸೋಲ್‌ನ ಆದರ್ಶ ದೊಡ್ಡದೇ. ಆದರೆ ಆ ಊರಿನವರ ಕಡೆಗೂ ನನ್ನ ಒಂದು ಮತವಿದೆ.

ಅದೇ ಸೆರೆಸೋಲ್ 1931ರಲ್ಲಿ ಸ್ವಿಟ್ಜರ್‌ಲೆಂಡಿಗೆ ಬಂದ ಗಾಂಧೀಜಿಯನ್ನು ಕಂಡ. 1934ರ ಜನವರಿ 15ರಂದು ಬಿಹಾರದಲ್ಲಿ ಭೂಕಂಪವಾದಾಗ ಹಡಗು ಹತ್ತಿ ಬಂದ. ಮುಜಫ್ಫರ್‌ಪುರದ ಸುತ್ತ, ನೆರೆಯಲ್ಲಿ ಮುಳುಗುತ್ತಿದ್ದ ಹಳ್ಳಿಗಳನ್ನು ಎತ್ತರದ ಜಾಗಕ್ಕೆ ಸಾಗಿಸಿ ಕಟ್ಟುವ ಕೆಲಸ. ಯುರೋಪಿನಿಂದ ಅವನ ಜತೆ ಬಂದವರು ಬೆರಳೆಣಿಕೆಯಷ್ಟು. ನನ್ನಂಥ ಇಂಜಿನಿಯರನಿಗೆ ಮೊದಲು ಹೊಳೆಯುವುದು ಲೆಕ್ಕ: ಆ ಹಡಗಿನ ಟಿಕೀಟಿನ ದುಡ್ಡಿನಲ್ಲಿ ಬಿಹಾರದಲ್ಲೇ ಎಷ್ಟು ಆಳುಗಳನ್ನು ಹಚ್ಚಬಹುದಿತ್ತು? ಬಹಳ ಜನರನ್ನು. ಆದರೂ ಆಳುವವರ ಬಣ್ಣದ ಮನುಷ್ಯನೊಬ್ಬ ಆ ಕಾಲದ ಹಳ್ಳಿಯಲ್ಲಿ ಬುಟ್ಟಿ ಹೊತ್ತದ್ದಕ್ಕೆ ಮಣ್ಣಿನ ತೂಕದ ಲೆಕ್ಕ ಒಂದೇ ಸಾಲದು. ಅವನು ಕಟ್ಟಿದ 'ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್' ಸಂಘಟನೆಯ ತರುಣರು ಐವತ್ತರ ದಶಕದಲ್ಲಿ ವರೋರಾದ ಆನಂದವನಕ್ಕೂ ಬಂದು, ಕುಷ್ಠರೋಗಿಗಳಿಗಾಗಿ ಬಾಬಾ ಆಮ್ಟೆ ಕಟ್ಟುತ್ತಿದ್ದ ಆಸ್ಪತ್ರೆಗೆ ಕಲ್ಲು ಗಾರೆ ಹೊತ್ತರು. ಊರಿನವರು ದೂರ ನಿಲ್ಲುತ್ತಿದ್ದ ಕಡೆಗೆ ಪರದೇಶದವರು ಒಳಗೆ ಹೋಗಿ ಉಂಡರು. ಅಲ್ಲಿ ಅವರ ಗೋಡೆಗಿಂತ ಆ ಊಟವೇ ದೊಡ್ಡ ಕೆಲಸ ಮಾಡಿತು ಎಂದು ನನ್ನ ತಿಳಿವಳಿಕೆ.

ಪುಣೆಗೆ ಈ ಗಾಳಿ ಬಂದದ್ದು ಆನಂದವನದ ಕಡೆಯಿಂದ. 1967ರಲ್ಲಿ ಆಮ್ಟೆಯವರು ಸೋಮನಾಥದಲ್ಲಿ ಶ್ರಮಸಂಸ್ಕಾರ ಛಾವಣಿ ಶುರುಮಾಡಿದರು. ಚಂದ್ರಪುರ ಜಿಲ್ಲೆಯ ಮೇ ತಿಂಗಳ ಬಿಸಿಲು. ಅದರಲ್ಲಿ ಮಣ್ಣು ಅಗೆಯಲು ಪುಣೆಯ ಕಾಲೇಜುಗಳಿಂದ ಹುಡುಗ ಹುಡುಗಿಯರು ರೈಲು ತುಂಬ ಹೋಗುತ್ತಿದ್ದರು. ನನ್ನ ಓರಗೆಯವರೂ ಹೋಗಿ ಕಪ್ಪಗಾಗಿ ಬಂದರು. ಹಿಂದಿರುಗಿ ಬಂದವರು ಹೇಳುತ್ತಿದ್ದದ್ದು ಹಾಡಿನ ಸುದ್ದಿ, ಗೆಳೆತನದ ಸುದ್ದಿ, ಒಂದೆರಡು ಮದುವೆಯ ಸುದ್ದಿ. ಒಡ್ಡು ಎಷ್ಟು ಉದ್ದ ಬಿತ್ತು ಎಂದು ಕೇಳಿದರೆ ನಗುತ್ತಿದ್ದರು. ಮುಂದೆ, ಹಳ್ಳಿಗಳಲ್ಲಿ ನೀರು ಇಂಗಿಸುವ ಕೆಲಸ ಮಾಡಿಸುತ್ತಿದ್ದ ಪಾನಿ ಫೌಂಡೇಶನ್ನಿನ ಕರೆಗೆ ಮಹಾರಾಷ್ಟ್ರ ದಿನದಂದು ಹಳ್ಳಿಗಳಿಗೆ ಹೋಗಿ ಅಗೆದು ಬಂದ ಪುಣೆಯವರದೂ ಹೆಚ್ಚುಕಡಿಮೆ ಅದೇ ನಗು. ಅಲ್ಲಿ ಮಾತ್ರ ಒಂದು ವಿವೇಕ ಕಂಡೆ: ಕಂದಕ ಎಲ್ಲಿ ತೋಡಬೇಕು, ಎಷ್ಟು ಆಳ ತೋಡಬೇಕು ಎಂಬುದನ್ನು ತರಬೇತಿ ಪಡೆದ ಆ ಹಳ್ಳಿಯವರೇ ಸುಣ್ಣದ ಗೆರೆ ಹಾಕಿ ಇಟ್ಟಿರುತ್ತಿದ್ದರು. ನಗರದವರು ಗೆರೆ ದಾಟುವಂತಿರಲಿಲ್ಲ.

ಇನ್ನು, ಆಗಲೇ ಹೇಳಿದ ಆ ಇನ್ನೊಂದು ಕಡೆ: ಕಿಲ್ಲಾರಿ.

1993ರ ಸೆಪ್ಟೆಂಬರ್ 29ಕ್ಕೆ ಅನಂತ ಚತುರ್ದಶಿ. ಗಣಪತಿ ಕಳಿಸಿ ಬಂದು ಜನ ಮಲಗಿದ್ದರು. ಬೆಳಗಿನ ಜಾವ ನಾಲ್ಕಕ್ಕೆ ನಾಲ್ಕು ನಿಮಿಷ ಇರುವಾಗ ನೆಲ ನಡುಗಿತು. ಔಸಾ ತಾಲೂಕಿನ ಕಿಲ್ಲಾರಿ, ಆಗ ಉಮರ್ಗಾ ತಾಲೂಕಿನಲ್ಲಿದ್ದ ಸಾಸ್ತೂರು, ಸುತ್ತಲ ಹಳ್ಳಿಗಳು. ಸರ್ಕಾರದ ಲೆಕ್ಕದಲ್ಲೇ ಸತ್ತವರು ಎಂಟು ಸಾವಿರದ ಹತ್ತಿರ. ಆ ಕಡೆ ಆಳಂದ, ಬಸವಕಲ್ಯಾಣ ಬಲು ದೂರವೇನಲ್ಲ. ಸೀಮೆಯ ಗೆರೆ ಎಳೆಯುವ ಮೊದಲು ಎಲ್ಲ ನಿಜಾಮನದೇ ನೆಲ. ಸಂತೆಯಲ್ಲಿ ಮರಾಠಿ, ಮನೆಯೊಳಗೆ ಕನ್ನಡ ಎಂಬ ಮನೆತನಗಳು ಬೇಕಾದಷ್ಟಿವೆ. ಪುಣೆಯಿಂದ ಹೊರಟ ಒಂದು ಗುಂಪಿನ ಜತೆ ನಾನೂ ಹೋದೆ. ಕನ್ನಡ ಬಲ್ಲ ಇಂಜಿನಿಯರ್ ಎಂಬುದೇ ನನ್ನ ಅರ್ಹತೆ.

ಅಲ್ಲಿ ಗೋಡೆಗಳು ಬಿದ್ದ ರೀತಿ ನೋಡಿದ ಇಂಜಿನಿಯರನಿಗೆ ರಾತ್ರಿ ನಿದ್ದೆ ಬರುವಂತಿರಲಿಲ್ಲ. ಎರಡಡಿಗೂ ದಪ್ಪನೆಯ ಕಲ್ಲುಗೋಡೆ. ಹೊರಗೊಂದು ಮೈ, ಒಳಗೊಂದು ಮೈ, ನಡುವೆ ಸಣ್ಣ ಕಲ್ಲು ಮಣ್ಣು ತುಂಬಿದ ಹೊಟ್ಟೆ. ಎರಡು ಮೈಗಳನ್ನು ಹಿಡಿದಿಟ್ಟದ್ದು ಬರೀ ಕೆಸರು. ಮೇಲೆ ಮಣ್ಣಿನ ಮಾಳಿಗೆ. ಸೋರಿದಾಗಲೆಲ್ಲ ಇನ್ನೊಂದು ಪದರ ಮಣ್ಣು ಹಾಕಿ ಹಾಕಿ ತಲೆಮಾರುಗಳಲ್ಲಿ ಅದೂ ದಪ್ಪವಾಗಿತ್ತು. ನೆಲ ಅಲುಗಿದಾಗ ಹೊರಮೈ ಹೊರಕ್ಕೆ, ಒಳಮೈ ಮಲಗಿದವರ ಮೇಲಕ್ಕೆ. ಎಷ್ಟೋ ಮನೆಗಳಲ್ಲಿ ಮರದ ಕಂಬ ತೊಲೆಗಳ ಅಂಕಣ ಹಾಗೇ ನಿಂತಿತ್ತು, ಸುತ್ತಲ ಗೋಡೆಗಳಷ್ಟೇ ಇರಲಿಲ್ಲ.

ನಮ್ಮ ಗುಂಪಿಗೆ ಆಳಂದ ಕಡೆಯ ಒಬ್ಬ ವಯಸ್ಸಾದ ಗೌಂಡಿ ಸಿಕ್ಕಿದ್ದ. ಎಲ್ಲರೂ ಮುತ್ತ್ಯಾ ಎನ್ನುತ್ತಿದ್ದರು. ಬಿದ್ದ ಗೋಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ಕಲ್ಲನ್ನು ತಿರುಗಿಸಿ ತೋರಿಸಿದ. ಹೊರಗಡೆ ಕಾಣುವ ಮೈ ಅಗಲ, ಹಿಂದಕ್ಕೆ ಮೊನಚು. "ಮಾರಿ ಅಷ್ಟ ಚೆಂದ ಅದ ನೋಡ್ರಿ ಸಾಹೇಬ್ರ. ಹಿಂದ ಬಾಲ ಇಲ್ಲ. ಗ್ವಾಡಿ ಒಳಗ ಏನ ಹಿಡಕೋಬೇಕು ಇದು?" ಗೋಡೆಯ ಒಳಮೈಯಿಂದ ಹೊರಮೈಯವರೆಗೆ ಹಾಯುವ ಉದ್ದನೆಯ ಕಲ್ಲನ್ನು ನಾವು ಕಾಲೇಜಿನಲ್ಲಿ ಥ್ರೂ ಸ್ಟೋನ್ ಎಂದು ಕಲಿತಿದ್ದೆವು. ತನ್ನ ಅಜ್ಜ ಅಂಥ ಕಲ್ಲು ಇಡದೆ ಮೇಲಿನ ವರಸೆಗೆ ಹೋಗುತ್ತಿರಲಿಲ್ಲವೆಂದು ಮುತ್ತ್ಯಾ ಹೇಳಿದ. ಕಟ್ಟಿದ ಗೋಡೆಯ ಅಳತೆಗೆ ಇಷ್ಟೆಂದು, ಬ್ರಾಸ್ ಲೆಕ್ಕದಲ್ಲಿ ಗುತ್ತಿಗೆ ಬಂದ ಮೇಲೆ, ಉದ್ದ ಕಲ್ಲು ಹುಡುಕಿ ತಂದು ಕಡಿಯುವ ಹೊತ್ತಿಗೆ ಯಾರೂ ದುಡ್ಡು ಕೊಡಲಿಲ್ಲ, ಅದು ತಪ್ಪಿಹೋಯಿತು. ಭೂಕಂಪದ ಬಗ್ಗೆ ನಾನು ಓದಿದ ವರದಿಗಳೆಲ್ಲ ಗೋಡೆಯ ದೋಷವನ್ನು ಸರಿಯಾಗಿಯೇ ಹೇಳುತ್ತವೆ. ಆ ದೋಷಕ್ಕೆ ಕೂಲಿಯ ಲೆಕ್ಕವೇ ಕಾರಣ ಎಂದು ನನಗೆ ಹೇಳಿದವನು ಮುತ್ತ್ಯಾ ಒಬ್ಬನೇ.

ಉಳಿದ ಮನೆಗಳನ್ನು ಗಟ್ಟಿಮಾಡುವ ಉಪಾಯ ಮುಂದೆ ಬಂತು. ಗೋಡೆಯಲ್ಲಿ ಒಂದು ಕಲ್ಲು ಮೆಲ್ಲಗೆ ಬಿಡಿಸಿ, ಆಚೆ ಬದಿಯವರೆಗೆ ತೂತು ಕೊರೆದು, ಕೊಕ್ಕೆ ಬಗ್ಗಿಸಿದ ಕಬ್ಬಿಣದ ಸಲಾಕೆ ಇಟ್ಟು ಕಾಂಕ್ರೀಟ್ ತುಂಬುವುದು. ಅಂದರೆ ಅಜ್ಜನ ಉದ್ದ ಕಲ್ಲನ್ನು ಈಗ ಎರಕ ಹೊಯ್ದು ಇಡುವುದು. ಕಂಬ ತೊಲೆ ಸೇರುವಲ್ಲಿ ಓರೆ ಮರದ ತುಂಡು, ಮಾಳಿಗೆಯ ಮಣ್ಣು ಇಳಿಸಿ ಹಗುರ ಮಾಡುವುದು. ಹೇಳುವುದಕ್ಕೆ ಸಲೀಸು. ತೂತು ಕೊರೆಯುವಾಗ ಸುತ್ತಿಗೆ ಬಲವಾಗಿ ಬಿದ್ದರೆ ಇಡೀ ಮೈ ಕಳಚುತ್ತದೆ. ಸಲಾಕೆಯಿಂದ ಹಲ್ಲು ಕೀಳುವ ಹಾಗೆ ಆಡಿಸಿ ಆಡಿಸಿ ತೆಗೆಯಬೇಕು. ಪುಣೆಯ ಹುಡುಗರಿಗೆ, ಹೊರದೇಶದಿಂದ ಬಂದಿದ್ದ ಇಬ್ಬರು ತರುಣರಿಗೆ, ಮುತ್ತ್ಯಾ ಮೊದಲು ಸುತ್ತಿಗೆಯನ್ನೇ ಕೊಡಲಿಲ್ಲ. ಕೊಟ್ಟದ್ದು ಕೊಡ. ಹೊಸ ಕಾಂಕ್ರೀಟಿಗೆ, ಹೊಸ ಸಿಮೆಂಟ್ ಗೋಡೆಗೆ ಬೆಳಗ್ಗೆ ಸಂಜೆ ನೀರು ಹೊಡೆಯುವ ಕೆಲಸ.

ಆ ಹುಡುಗರ ಮುಖ ಸಪ್ಪಗಾದದ್ದು ನನಗೆ ಚೆನ್ನಾಗಿ ನೆನಪಿದೆ. ಅಷ್ಟು ದೂರದಿಂದ ಬಂದದ್ದು ನೀರು ಹೊರುವುದಕ್ಕೇ? ಆದರೆ ಸ್ವಯಂಸೇವಕರ ಕಟ್ಟಡಗಳು ಸೋಲುವುದೇ ಅಲ್ಲಿ. ಶಿಬಿರ ಮುಗಿದ ದಿನ ಗೋಡೆ ಎದ್ದಿರುತ್ತದೆ, ಫೋಟೋ ಆಗಿರುತ್ತದೆ, ಬಸ್ಸು ಹೊರಡುತ್ತದೆ. ಸಿಮೆಂಟಿಗೆ ಇನ್ನೂ ವಾರಕ್ಕೂ ಮೇಲ್ಪಟ್ಟು ನೀರು ಬೇಕು. ಅದೂ ಹೆಂಗಸರು ಒಂದು ಕೊಡಕ್ಕಾಗಿ ಸಾಲು ನಿಲ್ಲುವ ಸೀಮೆಯಲ್ಲಿ. ಹೊಯ್ಯುವವರು ಯಾರು? ನೀರು ಕಾಣದ ಸಿಮೆಂಟ್ ಉಗುರಿಗೆ ಕಿತ್ತುಬರುತ್ತದೆ. ಇಬ್ಬರು ತರುಣರಲ್ಲಿ ಒಬ್ಬ ಇದನ್ನು ಬೇಗ ಹಿಡಿದ. ಗೋಣಿ ಹಾಸಿ, ತೊಯ್ಸಿ, ಬಿಸಿಲೇರುವ ಮೊದಲು ಕೆಲಸ ಮುಗಿಸುತ್ತಿದ್ದ. ಸ್ವಲ್ಪ ದಿನಕ್ಕೆ ಮುತ್ತ್ಯಾ ಅವನಿಗೆ ಥಾಪಿ ಕೊಟ್ಟ. "ಬಾ ತಮ್ಮಾ, ಸಂದು ತುಂಬು" ಎಂದ. ಭಾಷೆ ಬಾರದ ಹುಡುಗ ಬಂದು ತುಂಬಿದ.

ಅತ್ತ ಸರ್ಕಾರ, ವಿಶ್ವಬ್ಯಾಂಕಿನ ಸಾಲ, ದಾನಿಗಳ ಹಣ ಸೇರಿ 52 ಹಳ್ಳಿಗಳನ್ನು ಹೊಸ ಜಾಗದಲ್ಲಿ ಕಟ್ಟಿದವು. ಜನರೇ ಕಲ್ಲು ಬೇಡವೆಂದರು. ಕಲ್ಲು ಕಂಡರೆ ನಡುಗುತ್ತಿದ್ದವರಿಗೆ ಯಾರು ವಾದ ಮಾಡಬೇಕು? ಕಾಂಕ್ರೀಟ್ ಮನೆಗಳು, ನಗರದ ಕಾಲೊನಿಯಂತೆ ನೇರ ಬೀದಿಗಳು. ಒಂದು ಕಡೆಯಂತೂ ಗುಮ್ಮಟದಾಕಾರದ ಮನೆಗಳೇ ಎದ್ದವು. ಅವನ್ನು ನೋಡಿದಾಗ ನನಗೆ ಗೋಖಲೆನಗರದ ಕಪಾಟಿನ ಗೋಳು ನೆನಪಾಯಿತು. ದನ ಕಟ್ಟಲು ಜಾಗವಿಲ್ಲ, ಹೊಲ ದೂರ, ಓಣಿಯೆಂಬುದಿಲ್ಲ. ಕೆಲವು ವರ್ಷ ಬಿಟ್ಟು ಹೋದಾಗ ಜನ ತಮ್ಮ ರೂಢಿಯಂತೆ ಪಡಸಾಲೆ, ಕೊಟ್ಟಿಗೆ, ಕಾಂಪೌಂಡು ಎಬ್ಬಿಸಿಕೊಂಡಿದ್ದರು. ಕಾಂಪೌಂಡಿಗೆ ಹಳೇ ಊರಿನ ಅದೇ ಕಲ್ಲು. ಪುಣೆಯ ಜ್ಞಾನ ಪ್ರಬೋಧಿನಿಯವರು ಹರಾಳಿಯಲ್ಲಿ ಮಾಡಿದ್ದು ಮಾತ್ರ ಬೇರೆ ದಾರಿ. ಕಟ್ಟಿ ಹಿಂದಿರುಗದೆ ಅಲ್ಲಿಯೇ ಶಾಲೆ ನಡೆಸುತ್ತ ನಿಂತರು, ಇಂದಿಗೂ ಇದ್ದಾರೆ. ಕೊಡ ಹಿಡಿದು ನಿಲ್ಲುವುದೆಂದರೆ ಅದು.

ಇಷ್ಟೆಲ್ಲ ಬರೆಯಲು ಕಾರಣ ನಮ್ಮ ಸೊಸೈಟಿಯ ಒಂದು ಹುಡುಗಿ. ಕಾಲೇಜು ರಜೆಯಲ್ಲಿ ಪರದೇಶಕ್ಕೆ ಹೋಗಿ ಶಾಲೆಯ ಗೋಡೆ ಕಟ್ಟುವ ಕಾರ್ಯಕ್ರಮಕ್ಕೆ ಹೆಸರು ಕೊಟ್ಟಿದ್ದಾಳೆ. ವಿಮಾನದ ಖರ್ಚಲ್ಲದೆ ದೊಡ್ಡ ಫೀ ಬೇರೆ. "ಅಂಕಲ್, ಹೋಗಲೋ ಬೇಡವೋ?" ಎಂದಳು. ಹೋಗು ಎಂದೆ. ಹೋಗುವ ಮೊದಲು ಅವರನ್ನು ಕೇಳು: ಅಲ್ಲಿ ಗೌಂಡಿ ಯಾರು, ಅವನಿಗೆ ಪೂರ್ತಿ ಕೂಲಿ ಕೊಡುತ್ತೀರಾ, ನಾನು ಹಿಂದಿರುಗಿದ ಮೇಲೆ ಗೋಡೆಗೆ ನೀರು ಹೊಡೆಯುವವರು ಯಾರು ಎಂದು. ಮೂರಕ್ಕೂ ಉತ್ತರ ಬಂದರೆ ಧೈರ್ಯವಾಗಿ ಹೋಗು. ಬರದಿದ್ದರೆ ಅದೇ ದುಡ್ಡನ್ನು ಆ ಊರಿನ ಗೌಂಡಿಗೆ ಕಳಿಸು, ಗೋಡೆ ನಿನಗಿಂತ ನೆಟ್ಟಗೆ ಏಳುತ್ತದೆ. ಇನ್ನೂ ಒಂದು ಹೇಳಿದೆ: ಬೆಳಗ್ಗೆ ಏಳಕ್ಕೆ ವಾರ್ಜೆಯ ಮಜೂರ ಅಡ್ಡಾಕ್ಕೆ ಹೋಗಿ ನಿಂತು ನೋಡು. ಅಲ್ಲಿ ಕಿವಿಗೆ ಬೀಳುವುದು ನಮ್ಮ ಕನ್ನಡವೇ. ಕಲಬುರಗಿ, ಯಾದಗಿರಿ, ವಿಜಯಪುರದ್ದು.

ಪರವೂರಿಗೆ ಹೋಗಿ ಕೈಯಾರೆ ಕಟ್ಟಿಕೊಡುವುದನ್ನು ಈ ಜನ ತಲೆಮಾರುಗಳಿಂದ ಮಾಡುತ್ತ ಬಂದಿದ್ದಾರೆ. ಸೇವೆ ಎಂದು ಯಾರೂ ಕರೆಯುವುದಿಲ್ಲ, ಕೂಲಿ ತೆಗೆದುಕೊಳ್ಳುತ್ತಾರಲ್ಲ! 1972ರ ಬರ ಹಲವು ಮನೆತನಗಳನ್ನು ಊರು ಬಿಡಿಸಿತು. ಬುಲ್ಡೋಜರು ಬರುವ ಮೊದಲು ಈ ಸೀಮೆಯ ಕೆರೆ ಒಡ್ಡುಗಳಿಗೆ ಮಣ್ಣು ಹೊತ್ತವರು, ಕಪ್ಪು ಕಲ್ಲು ಸೀಳಿದವರು ಒಡ್ಡರು. ಇಂದು ಹಿಂಜವಡಿಯ ಗಾಜಿನ ಕಟ್ಟಡಗಳ ತಳಪಾಯದಲ್ಲೂ ಕನ್ನಡದ ಬೈಗುಳ, ಕನ್ನಡದ ಜೋಗುಳ ಎರಡೂ ಕೇಳಿಸುತ್ತವೆ. ಕಟ್ಟಡ ಮುಗಿದ ದಿನ ತಗಡಿನ ಶೆಡ್ಡು ಬಿಚ್ಚಿಕೊಂಡು ಮುಂದಿನ ಸೈಟಿಗೆ ಹೋಗುತ್ತಾರೆ. ಮಕ್ಕಳ ಶಾಲೆ ಆ ವರ್ಷಕ್ಕೂ ಅಲ್ಲಿಗೆ ನಿಲ್ಲುತ್ತದೆ.

ಸೆರೆಸೋಲ್‌ನ ಹೆಸರು ಪುಸ್ತಕಗಳಲ್ಲಿದೆ, ಇರಲಿ, ಇರಬೇಕಾದ್ದೇ. ಕಿಲ್ಲಾರಿ ಸೀಮೆಯ ಹೊಸ ಊರುಗಳ ಬಾಯಲ್ಲಿ ದಾನಿಗಳ ಹೆಸರಿನ ಕಲ್ಲುಗಳಿವೆ. ಮುತ್ತ್ಯಾನ ಹೆಸರು ಯಾವ ಕಲ್ಲಿನಲ್ಲೂ ಇಲ್ಲ. ಪುಣೆಯ ಕನ್ನಡಿಗರಲ್ಲಿ ನನ್ನದೊಂದು ವಿನಂತಿ. ನಿಮ್ಮ ಸೊಸೈಟಿ, ಶಾಲೆ, ಗುಡಿ, ಸಂಘದ ಕಟ್ಟಡ ಏನೇ ಏಳಲಿ, ಉದ್ಘಾಟನೆಯ ಹಲಗೆಯಲ್ಲಿ ಮಂತ್ರಿ, ದಾನಿ, ವಾಸ್ತುಶಿಲ್ಪಿಯ ಹೆಸರಿನ ಕೆಳಗೆ ಇನ್ನೊಂದು ಸಾಲಿಗೆ ಜಾಗ ಬಿಡಿಸಿ. ಗೌಂಡಿಯ ಹೆಸರು, ಅವನ ಊರು, ತಾಲೂಕು ಬರೆಸಿ. ಅಕ್ಷರಕ್ಕೆ ಇಷ್ಟು ಎಂದು ಕೆತ್ತುವವರು ಕೇಳುತ್ತಾರೆ. ಆ ಖರ್ಚನ್ನು ನಮ್ಮ ಸೊಸೈಟಿಯಲ್ಲಿ ನಾನೇ ಕೊಟ್ಟಿದ್ದೇನೆ, ನಾಲ್ಕು ಹೆಸರು ಕೆತ್ತಿಸಿದ್ದೇವೆ.